ವಿಡಿಯೊ ಓಡುವಾಗ ನೀವೆಲ್ಲಿ ನಿಂತಿರುತ್ತೀರಿ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿತು. ಸ್ಲೈಡ್ ಹಾಕಿಕೊಂಡು ಮಾತಾಡುವಾಗ ನಡುವೆ ವಿಡಿಯೊ ತೋರಿಸುವುದು ಹೇಗೆ, ಎಷ್ಟು ಹೊತ್ತು ತೋರಿಸಬೇಕು, ಸಮಯಕ್ಕೆ ಸರಿಯಾಗಿ ಓಡದೆ ಹೋದರೆ ಏನು ಮಾಡಬೇಕು. ಮೇಷ್ಟ್ರು ಕೇಳಿದ್ದಾರೆ, ವಿದ್ಯಾರ್ಥಿ ಕೇಳಿದ್ದಾನೆ, ಕಾರ್ಖಾನೆಯವರು ಕೇಳಿದ್ದಾರೆ, ಹೊಲದ ಬದುವಿನ ಮೇಲೆ ನಿಂತು ರೈತರ ಜೊತೆ ಮಾತಾಡುವವರೂ ಕೇಳಿದ್ದಾರೆ. ನಾನು ಬಳ್ಳಾರಿಯಲ್ಲಿ ಜನರಿಗೆ ಇದನ್ನೇ ಹೇಳಿಕೊಡುವ ಕೆಲಸ ಮಾಡುತ್ತೇನೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಗೆ ಹೃದಯದ ಪಾಠ ಮಾಡುವಾಗ 12 ನಿಮಿಷದ ಒಂದು ಒಳ್ಳೆಯ ವಿಡಿಯೊ ತೋರಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ, ಬಲಗಡೆಯಿಂದ ರಕ್ತ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಒಬ್ಬರಿಗೂ ಬರಲಿಲ್ಲ. ವಿಡಿಯೊ ತೋರಿಸಿದ್ದೇ ದಂಡವಾಯಿತೇ?

ಉತ್ತರ: ದಂಡವಾಗಿಲ್ಲ ಮೇಡಂ, ಆದರೆ 12 ನಿಮಿಷ ತುಂಬಾ ಜಾಸ್ತಿ ಆಯಿತು. ಆ 12 ನಿಮಿಷದಲ್ಲಿ ಹೃದಯದ ಕೋಣೆ, ಕವಾಟ, ಶ್ವಾಸಕೋಶ, ರಕ್ತನಾಳ, ರಕ್ತದೊತ್ತಡ ಎಲ್ಲವೂ ಒಂದರ ಹಿಂದೆ ಒಂದು ಬಂದಿರುತ್ತದೆ. ಮಕ್ಕಳು ಒಂದನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು ಅದನ್ನು ತಳ್ಳಿಬಿಡುತ್ತದೆ. ಪುಸ್ತಕ ಓದುವಾಗ ಅರ್ಥವಾಗದಿದ್ದರೆ ನಾವು ಹಿಂದಿನ ಸಾಲಿಗೆ ಹೋಗುತ್ತೇವೆ, ಬೆರಳಿಟ್ಟು ನಿಲ್ಲಿಸುತ್ತೇವೆ. ಓಡುತ್ತಿರುವ ವಿಡಿಯೊಗೆ ಮಕ್ಕಳು ಬೆರಳಿಡಲು ಆಗುವುದಿಲ್ಲ. ಆ ಬೆರಳು ನೀವೇ ಇಡಬೇಕು. ಅಮೆರಿಕದ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಮತ್ತು ಮಾತು ಸೇರಿಸಿ ಕಲಿಸುವ ಬಗ್ಗೆ ದಶಕಗಟ್ಟಲೆ ಪ್ರಯೋಗ ಮಾಡಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಇದೂ ಒಂದು: ಅದೇ ವಿಷಯವನ್ನು ತುಂಡು ತುಂಡಾಗಿ ತೋರಿಸಿ, ನೋಡುವವರಿಗೆ ನಡುವೆ ಉಸಿರಾಡಲು ಬಿಟ್ಟರೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು, ಇಡೀ ಪಾಠದಲ್ಲಿ ಚಲನೆ ಇಲ್ಲದೆ ಅರ್ಥವಾಗದ ಭಾಗ ಯಾವುದು ಅಂತ ಹುಡುಕಿ. ಹೃದಯಕ್ಕೆ ನಾಲ್ಕು ಕೋಣೆ ಎಂಬುದಕ್ಕೆ ವಿಡಿಯೊ ಬೇಡ, ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದರೆ ಸಾಕು, ಮಕ್ಕಳೂ ನಿಮ್ಮ ಜೊತೆ ಬರೆದುಕೊಳ್ಳುತ್ತಾರೆ. ಆದರೆ ಕವಾಟ ತೆರೆದು ಮುಚ್ಚುವುದನ್ನು ಚಾಕ್‌ಪೀಸಿನಲ್ಲಿ ತೋರಿಸಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಆ 20 ಸೆಕೆಂಡ್ ಅಷ್ಟೇ.

ಇನ್ನೊಂದು ಮಾತು. ನಿಮಿಷಕ್ಕೆ 72 ಬಡಿತ ಎಂದರೆ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್. ಅಷ್ಟರಲ್ಲಿ ಮೇಲಿನ ಕೋಣೆ ಕುಗ್ಗಿ, ನಡುವಿನ ಕವಾಟ ಮುಚ್ಚಿ, ಕೆಳಗಿನ ಕೋಣೆ ಕುಗ್ಗಿ, ರಕ್ತ ಹೊರಗೆ ಹೋಗಿ ಆಗಿರುತ್ತದೆ. ನಿಜವಾದ ವೇಗದಲ್ಲಿ ತೋರಿಸಿದರೆ ಮಕ್ಕಳಿಗೆ ಏನೋ ಮಿಡಿಯುತ್ತಿದೆ ಅನ್ನುವುದು ಮಾತ್ರ ಕಾಣುತ್ತದೆ. ಫೋನಿನಲ್ಲಿರುವ ಯಾವುದೇ ವಿಡಿಯೊ ಎಡಿಟರಿನಲ್ಲಿ ವೇಗವನ್ನು ಕಾಲು ಭಾಗಕ್ಕೆ ಇಳಿಸಿ, ಆಮೇಲೆ ಸ್ಲೈಡಿಗೆ ಹಾಕಿ.

ಹಾಕುವಾಗ ನಾನು ಮಾಡುವ ಒಂದು ಕೆಲಸ ಹೇಳುತ್ತೇನೆ. ಒಂದೇ ವಿಡಿಯೊವನ್ನು ಮೂರು ಸ್ಲೈಡಿನಲ್ಲಿ ಹಾಕುತ್ತೇನೆ. ಪವರ್‌ಪಾಯಿಂಟಿನಲ್ಲಿ ವಿಡಿಯೊ ಮೇಲೆ ಕ್ಲಿಕ್ ಮಾಡಿದರೆ ಮೇಲ್ಗಡೆ ಪ್ಲೇಬ್ಯಾಕ್ ಅಂತ ಬರುತ್ತದೆ, ಅದರೊಳಗೆ ಟ್ರಿಮ್ ವಿಡಿಯೊ ಇದೆ. ಮೊದಲ ಸ್ಲೈಡಿನಲ್ಲಿ ಮೊದಲ 15 ಸೆಕೆಂಡ್, ಎರಡನೆಯದರಲ್ಲಿ ಮುಂದಿನ 15, ಮೂರನೆಯದರಲ್ಲಿ ಉಳಿದದ್ದು ಅಂತ ಕತ್ತರಿಸುತ್ತೇನೆ. ಪ್ರತಿ ತುಂಡು ಮುಗಿದಾಗ ಕೊನೆಯ ಚಿತ್ರ ಪರದೆ ಮೇಲೆ ಹಾಗೇ ನಿಂತಿರುತ್ತದೆ. ಅಲ್ಲಿ ನೀವು ಕೋಲಿನಿಂದ ತೋರಿಸಿ ಕೇಳಬಹುದು: ಈಗ ಈ ಕವಾಟ ಮುಚ್ಚಿದೆ, ರಕ್ತ ಹಿಂದಕ್ಕೆ ಬರೋದಕ್ಕೆ ದಾರಿ ಇದೆಯಾ? ಯಾರಾದರೂ ಉತ್ತರ ಹೇಳಿದ ಮೇಲೆ ಮುಂದಿನ ಸ್ಲೈಡ್. ಓಡುತ್ತಿರುವ ವಿಡಿಯೊವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಮೌಸ್ ಹಿಡಿದು ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ. ನಡುವೆ ನಿಲ್ಲಿಸಲೇಬೇಕು ಅಂತಾದರೆ ಆಲ್ಟ್ ಜೊತೆ ಪಿ ಒತ್ತಿ, ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ.

ದನಿ ಮೊದಲ ಸಲ ಬಂದ್ ಮಾಡಿ. ವಿಡಿಯೊದಲ್ಲಿ ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಅದರ ಮೇಲೆ ನೀವು ಕನ್ನಡದಲ್ಲಿ ವಿವರಿಸುತ್ತೀರಿ, ಎರಡೂ ಕಿವಿಗೆ ಬಿದ್ದು ಒಂದೂ ತಲೆಗೆ ಹೋಗುವುದಿಲ್ಲ. ಆದರೆ ಹೃದಯದ ವಿಡಿಯೊಗೆ ಮಾತ್ರ ಎರಡನೇ ಸಲ ದನಿ ಬೇಕು, ಅದೂ ಬರೀ ಲಬ್-ಡಬ್ ಶಬ್ದ. ಆ ಲಬ್ ಎಂದರೆ ಮೇಲಿನ ಕೆಳಗಿನ ಕೋಣೆಗಳ ನಡುವಿನ ಕವಾಟ ಮುಚ್ಚಿದ ಸದ್ದು, ಡಬ್ ಎಂದರೆ ಹೊರಹೋಗುವ ರಕ್ತನಾಳಗಳ ಬಾಯಲ್ಲಿರುವ ಕವಾಟ ಮುಚ್ಚಿದ ಸದ್ದು. ಇಷ್ಟು ಹೇಳಿ, ಆ ಸದ್ದು ಕೇಳಿಸುತ್ತಾ ಕವಾಟ ನೋಡಲು ಬಿಡಿ. ಮಕ್ಕಳು ತಾವಾಗಿ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ನಾನು ಕಂಡಿದ್ದೇನೆ.

ಕನ್ನಡದ ವಿಡಿಯೊ ಬೇಕೆಂದರೆ ಪಠ್ಯಪುಸ್ತಕದಲ್ಲಿರುವ ಕ್ಯುಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಶಾಲೆಯಲ್ಲಿ ನೆಟ್ ಸಿಗುತ್ತೋ ಇಲ್ಲವೋ ಅಂತ ಕಾಯಬೇಡಿ, ಮನೆಯಲ್ಲೇ ಇಳಿಸಿಕೊಂಡು ಹೋಗಿ.

ಪ್ರಶ್ನೆ: ಗಂಗಾವತಿ ಕಡೆಯವನು, ಎಂಜಿನಿಯರಿಂಗ್ ಕೊನೆಯ ವರ್ಷ. ತುಂಗಭದ್ರಾ ಡ್ಯಾಮಿನ ಗೇಟ್ ಮುರಿದ ಬಗ್ಗೆ ಸೆಮಿನಾರ್ ಕೊಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಎರಡು ವಿಡಿಯೊಗಳಲ್ಲಿ ಒಂದು ಕಾಲೇಜಿನ ಕಂಪ್ಯೂಟರಿನಲ್ಲಿ ಸಿಗಲೇ ಇಲ್ಲ ಅಂತು, ಇನ್ನೊಂದರಲ್ಲಿ ದನಿ ಮಾತ್ರ ಬಂತು, ಚಿತ್ರ ಕಪ್ಪು. ಎಲ್ಲರೆದುರು ಐದು ನಿಮಿಷ ಸುಮ್ನೆ ನಿಂತಿದ್ದೆ. ಮುಂದಿನ ತಿಂಗಳು ಮತ್ತೆ ಕೊಡಬೇಕು.

ಉತ್ತರ: ಆ ಐದು ನಿಮಿಷ ಹೇಗಿರುತ್ತದೆ ಅಂತ ನನಗೆ ಗೊತ್ತು. ಕೆಲವು ವರ್ಷದ ಹಿಂದೆ ಬಳ್ಳಾರಿಯ ಒಂದು ಸಭಾಂಗಣದಲ್ಲಿ ನನಗೂ ಹೀಗೇ ಆಯಿತು. ಮುಂಚೆ ಬಂದು ಒಮ್ಮೆ ಓಡಿಸಿ ನೋಡುತ್ತೇನೆ ಅಂತ ಕೇಳಿದ್ದೆ. ನಡೆಸುವವರು ಬೇಡ, ಎಲ್ಲ ಸರಿ ಇದೆ ಅಂದರು. ವೇದಿಕೆ ಹತ್ತಿದ ಮೇಲೆ ಗೊತ್ತಾಯಿತು, ಅಲ್ಲಿದ್ದದ್ದು ಹಳೇ ವಿಜಿಎ ಕೇಬಲ್, ಅದರಲ್ಲಿ ಚಿತ್ರ ಹೋಗುತ್ತದೆ, ದನಿ ಹೋಗುವುದಿಲ್ಲ. ನಾನು ತಂದಿದ್ದ ಸಂದರ್ಶನದಲ್ಲಿ ದನಿಯೇ ಮುಖ್ಯ. ಮುನ್ನೂರು ಜನರ ಮುಂದೆ ಒಬ್ಬ ತಾಯಿ ಬಾಯಿ ಆಡಿಸುತ್ತಿದ್ದಳು, ಏನೂ ಕೇಳಿಸಲಿಲ್ಲ. ಆಕೆ ನನ್ನನ್ನು ನಂಬಿ ಹೇಳಿದ ಮಾತು ಅದು. ಆವತ್ತಿನಿಂದ ಓಡಿಸಿ ನೋಡಲು ಬಿಡದ ಕಡೆ ನಾನು ವಿಡಿಯೊ ಇಟ್ಟುಕೊಳ್ಳುವುದೇ ಇಲ್ಲ.

ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಸಿಗಲೇ ಇಲ್ಲ ಅಂದ ವಿಡಿಯೊ ನಿಮ್ಮ ಸ್ಲೈಡಿನ ಫೈಲಿನೊಳಗೆ ಇರಲೇ ಇಲ್ಲ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿಯಿತು, ಪೆನ್‌ಡ್ರೈವಿನಲ್ಲಿ ಹೋದದ್ದು ಅದರ ವಿಳಾಸ ಮಾತ್ರ. ಪವರ್‌ಪಾಯಿಂಟ್ 2010ರಿಂದ ಈಚೆಗೆ ವಿಡಿಯೊ ಹಾಕಿದರೆ ಅದು ಫೈಲಿನೊಳಗೇ ಸೇರುತ್ತದೆ, ಆದರೆ ಹಾಕುವಾಗ ಲಿಂಕ್ ಟು ಫೈಲ್ ಅಂತ ಆರಿಸಿದರೆ ಸೇರುವುದಿಲ್ಲ. ನೆಟ್‌ನಿಂದ ನೇರವಾಗಿ ಹಾಕಿದ ವಿಡಿಯೊ ಕೂಡ ಹಾಗೇ, ನೆಟ್ ಇಲ್ಲದಿದ್ದರೆ ಅಲ್ಲಿ ಬರೀ ಡಬ್ಬಿ ಇರುತ್ತದೆ. ಫೈಲಿನ ಸೈಜ್ ನೋಡಿದರೆ ಗೊತ್ತಾಗಿಬಿಡುತ್ತದೆ. 50 ಎಂಬಿ ವಿಡಿಯೊ ಹಾಕಿದ ಮೇಲೂ ಫೈಲ್ 3 ಎಂಬಿ ಇದ್ದರೆ ವಿಡಿಯೊ ಒಳಗಿಲ್ಲ ಅಂತ ಅರ್ಥ.

ದನಿ ಬಂದು ಚಿತ್ರ ಬರದಿದ್ದದ್ದು ಬೇರೆ ಕಾರಣಕ್ಕೆ. ಹೊಸ ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ಎಂಬ ರೀತಿಯಲ್ಲಿ ವಿಡಿಯೊ ತೆಗೆಯುತ್ತವೆ. ಐಫೋನಿನಲ್ಲಿ 2017ರಿಂದ ಇದು ಬಂದಿದೆ, ಎಷ್ಟೋ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಹಳೇ ಕಂಪ್ಯೂಟರಿಗೆ ಆ ಚಿತ್ರವನ್ನು ಬಿಚ್ಚಿ ತೋರಿಸಲು ಬರುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ. ವಿಡಿಯೊವನ್ನು ಎಂಪಿ4 ಫೈಲಾಗಿ, ಒಳಗೆ ಚಿತ್ರ ಎಚ್.264 ಮತ್ತು ದನಿ ಎಎಸಿ ಇರುವ ಹಾಗೆ ಬದಲಾಯಿಸಿ. ಮೈಕ್ರೋಸಾಫ್ಟ್ ಕೂಡ ಪವರ್‌ಪಾಯಿಂಟಿಗೆ ಇದನ್ನೇ ಸೂಚಿಸುತ್ತದೆ. ಹ್ಯಾಂಡ್‌ಬ್ರೇಕ್ ಅಥವಾ ವಿಎಲ್‌ಸಿ ಎಂಬ ತಂತ್ರಾಂಶ, ಎರಡೂ ಉಚಿತ, ಇವುಗಳಲ್ಲಿ ಕೆಲವೇ ನಿಮಿಷದ ಕೆಲಸ. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಅಂತ ಆರಿಸಿಕೊಂಡರೆ ಮುಂದೆ ತೆಗೆಯುವ ವಿಡಿಯೊಗಳಿಗೆ ಈ ತಲೆನೋವು ಇರುವುದಿಲ್ಲ.

4ಕೆ ವಿಡಿಯೊ ಹಾಕಬೇಡಿ. ಕಾಲೇಜುಗಳಲ್ಲಿರುವ ಎಷ್ಟೋ ಪ್ರೊಜೆಕ್ಟರುಗಳು ತೋರಿಸುವುದೇ 1024 ಅಡ್ಡ 768 ಉದ್ದದ ಚುಕ್ಕಿ, 4ಕೆ ಎಂದರೆ 3840 ಅಡ್ಡ 2160. ಕಾಣದ ಚುಕ್ಕಿಗಳನ್ನು ಹೊತ್ತು ಕಂಪ್ಯೂಟರ್ ಸುಮ್ನೆ ತಡವರಿಸುತ್ತದೆ. 720ಪಿ ಸಾಕು. ಫೈಲ್ ಮೆನುವಿನ ಇನ್ಫೊದಲ್ಲಿ ಕಂಪ್ರೆಸ್ ಮೀಡಿಯಾ ಇದೆ, ಅಲ್ಲಿ 720ಪಿ ಆರಿಸಿ. ನೀವು ಟ್ರಿಮ್ ಮಾಡಿದ ಭಾಗ ನಿಜವಾಗಿ ಫೈಲಿನಿಂದ ಹೋಗುವುದೂ ಆಗಲೇ, ಅಲ್ಲಿಯ ತನಕ ಅದು ಬಚ್ಚಿಟ್ಟುಕೊಂಡು ಕೂತಿರುತ್ತದೆ. ಗೆಳೆಯರಿಂದ ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಕುಗ್ಗಿಸಿ ಮಸುಕು ಮಾಡಿ ಕಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಓಡದೆ ಇರಬಹುದು. ಅದಕ್ಕೆ ವಿಡಿಯೊದ ಮೂರು ಮುಖ್ಯ ಚಿತ್ರಗಳನ್ನು ನಿಲ್ಲಿಸಿ, ಫೋಟೊ ತೆಗೆದು, ಅದರ ಹಿಂದಿನ ಸ್ಲೈಡಿನಲ್ಲಿ ಇಟ್ಟುಕೊಂಡಿರಿ. ವಿಡಿಯೊ ಕೈಕೊಟ್ಟರೆ ಆ ಸ್ಲೈಡಿನಲ್ಲೇ ನಿಂತು ಬಾಯಲ್ಲಿ ಹೇಳಿ ಮುಂದೆ ಹೋಗಿ. ಕನ್ನಡ ಅಕ್ಷರ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಬರೆದಿದ್ದರೆ ಅದನ್ನೂ ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ಬದಲಾಯಿಸಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಓದಲು ಬಾರದ ಗೀಚು ಆಗುತ್ತದೆ.

ಇದೆಲ್ಲ ಯಂತ್ರದ ಮಾತಾಯಿತು. ನೀವು ಕೇಳದ ಒಂದು ಮಾತು ಹೇಳುತ್ತೇನೆ, ಕೊಪ್ಪಳ ಜಿಲ್ಲೆಯ ಹುಡುಗ ಅಂತ ಹೇಳುತ್ತೇನೆ. ಪತ್ರದ ಜೊತೆ ಕಳಿಸಿದ ಸ್ಲೈಡ್ ನೋಡಿದೆ. ಎರಡೂ ವಿಡಿಯೊ ಸುದ್ದಿ ಚಾನೆಲಿನದು. ನೀರು ಧುಮ್ಮಿಕ್ಕುತ್ತದೆ, ಕೆಳಗೆ ಕೆಂಪು ಪಟ್ಟಿ ಓಡುತ್ತದೆ, ನಿರೂಪಕರು ಏರುದನಿಯಲ್ಲಿ ಹೇಳುತ್ತಾರೆ. ಅದನ್ನು ನೋಡಿದವರಿಗೆ ಭಯ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನಿಮ್ಮ ಸೆಮಿನಾರಿನ ವಿಷಯ ಆ ಚೈನು, ಮರುದಿನ ಬೆಳಗ್ಗೆ ಕಂಡ ನೀರಲ್ಲ. ಆದ್ದರಿಂದ ಸುದ್ದಿಯ ದೃಶ್ಯ 8 ಸೆಕೆಂಡ್ ಇಟ್ಟುಕೊಳ್ಳಿ, ದನಿ ಇಲ್ಲದೆ, ನೀರಿನ ರಭಸ ಕಣ್ಣಿಗೆ ಬೀಳುವಷ್ಟು. ಚಾನೆಲಿನ ಹೆಸರು ಮೂಲೆಯಲ್ಲಿ ಬರೆಯಿರಿ. ಆಮೇಲೆ ನೀವೇ ಒಂದು ಸಣ್ಣ ಅನಿಮೇಷನ್ ಮಾಡಿ. ಗೇಟಿನ ಅಡ್ಡ ಸೀಳು ಚಿತ್ರ, ಮೇಲೆ ಚೈನು, ಹಿಂದೆ ನೀರು. ನೀರಿನ ಒತ್ತಡ ಆಳಕ್ಕೆ ಹೋದಷ್ಟೂ ಹೆಚ್ಚು ಎಂಬುದನ್ನು ಬಾಣ ಉದ್ದ ಮಾಡಿ ತೋರಿಸಿ. ಚೈನಿನ ಒಂದು ಕೊಂಡಿ ಬಿಟ್ಟರೆ ಭಾರ ಯಾವ ಕಡೆ ಹೋಗುತ್ತದೆ ಅಂತ ತೋರಿಸಿ. ಪವರ್‌ಪಾಯಿಂಟಿನಲ್ಲೇ ಚೌಕ ಗೆರೆ ಎಳೆದು, ಅವು ಸಾಗುವ ದಾರಿ ತೋರಿಸುವ ಮೋಷನ್ ಪಾತ್ ಹಾಕಿದರೆ ಆಗುತ್ತದೆ, ಫೈಲಿನ ಭಾರವೂ ಇಲ್ಲ, ಎಚ್‌ಇವಿಸಿಯ ಕಾಟವೂ ಇಲ್ಲ. ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಬಾಯಿ ಮುಚ್ಚಿದರಲ್ಲ, ಅದಕ್ಕೆ ಮಾತ್ರ ನಿಜವಾದ ವಿಡಿಯೊ ಹುಡುಕಿ ತೋರಿಸಿ. ಅದು ಎಷ್ಟು ಕಷ್ಟದ ಕೆಲಸ ಅಂತ ಯಾವ ಅನಿಮೇಷನ್ನಿಗೂ ಹೇಳಲು ಆಗುವುದಿಲ್ಲ. ಆ ನೀರನ್ನೇ ನಂಬಿ ಭತ್ತ ನಾಟಿ ಮಾಡಿದ್ದ ಊರಿನವರು ನೀವು, ಇದನ್ನು ಬೇರೆ ಯಾರಿಗಿಂತ ಚೆನ್ನಾಗಿ ಹೇಳಬಲ್ಲಿರಿ.

ಪ್ರಶ್ನೆ: ತೋರಣಗಲ್ಲಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸುರಕ್ಷತೆ ತರಬೇತಿ ಕೊಡುತ್ತೇನೆ. ಅಪಘಾತದ ಸಿಸಿಟಿವಿ ವಿಡಿಯೊ ತೋರಿಸಿದರೆ ಜನ ಎಚ್ಚೆತ್ತುಕೊಳ್ಳುತ್ತಾರೆ ಅಂತ ಮೇಲಿನವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಮನಸ್ಸು ಸರಿಯಾಗಿಯೇ ಹೇಳುತ್ತಿದೆ. ಕಾರ್ಖಾನೆಯ ಊಟದ ಹಾಲ್‌ನಲ್ಲಿ ಆ ಗಾಯಗೊಂಡ ಮನುಷ್ಯನ ಪಕ್ಕ ಕೂತು ಉಂಡವರು ನಿಮ್ಮ ಮುಂದೆ ಕೂತಿರುತ್ತಾರೆ. ಅವನ ತಮ್ಮ ಇರಬಹುದು, ಊರಿನವನಿರಬಹುದು. ಗಾಯ ಆದ ಕ್ಷಣ ಪರದೆ ಮೇಲೆ ಬಂದರೆ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಆಮೇಲೆ ನೀವು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಕಲಿಯಬೇಕಾದದ್ದು ಆ ಕ್ಷಣದಲ್ಲಿ ಇಲ್ಲವೇ ಇಲ್ಲ, ಅದಕ್ಕಿಂತ ಮುಂಚಿನ ಹತ್ತು ಸೆಕೆಂಡಿನಲ್ಲಿದೆ.

ಹಾಗಾಗಿ ಅಪಘಾತಕ್ಕೆ ಮೊದಲೇ ವಿಡಿಯೊ ನಿಲ್ಲಿಸಿ. ಹತ್ತು ಸೆಕೆಂಡ್ ತೋರಿಸಿ, ಗಪ್ ಅಂತ ನಿಲ್ಲಿಸಿ, ಈಗ ಇಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿ. ಮುಖ ಕಾಣುತ್ತಿದ್ದರೆ ಮಸುಕು ಮಾಡಿ. ನಿಮ್ಮ ಕಾರ್ಖಾನೆಯದ್ದೇ ಘಟನೆಯಾದರೆ ಅವರ ಮನೆಯವರ ಒಪ್ಪಿಗೆ ಇಲ್ಲದೆ ತೋರಿಸಲೇಬೇಡಿ, ಒಪ್ಪಿಗೆ ಇದ್ದರೂ ಅಲ್ಲಿ ಕೂತಿರುವವರಿಗೆ ಮುಂಚೆ ಹೇಳಿ, ಹೊರಗೆ ಹೋಗುವವರು ಹೋಗಲಿ.

ಇದಕ್ಕಿಂತ ಚೆನ್ನಾಗಿ ನಾಟುವ ವಿಡಿಯೊ ನೀವೇ ತೆಗೆಯಬಹುದು. ಒಂದು ಉದಾಹರಣೆ. ಕರಗಿದ ಲೋಹದೊಳಗೆ ನೀರು ಸಿಕ್ಕಿಕೊಂಡರೆ ಅದು ಒಮ್ಮೆಗೇ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಲೋಹ ಸಿಡಿಯುತ್ತದೆ. ಕಬ್ಬಿಣ ಕರಗುವುದೇ 1,538 ಡಿಗ್ರಿಯಲ್ಲಿ, ಅದು ಮೈಮೇಲೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಈ ಸ್ಫೋಟದ ವಿಡಿಯೊ ಎಲ್ಲರೂ ತೋರಿಸುತ್ತಾರೆ. ನೀವು ಮಳೆ ಬಂದ ಮರುದಿನ ಬೆಳಗ್ಗೆ ಅನುಮತಿ ತಗೊಂಡು, ಕುಲುಮೆಗೆ ಹಾಕುವ ಹಳೇ ಕಬ್ಬಿಣದ ಸ್ಕ್ರ್ಯಾಪ್ ಗುಡ್ಡೆ ಹತ್ತಿರ ಹೋಗಿ. ಮೇಲೆ ಒಣಗಿದ ಹಾಗೆ ಕಾಣುತ್ತದೆ. ಒಂದು ಹಳೇ ಡಬ್ಬಿಯನ್ನೋ ಒಂದು ಕಡೆ ಬಾಯಿ ಮುಚ್ಚಿದ ಪೈಪಿನ ತುಂಡನ್ನೋ ಕೈಗವಸು ಹಾಕಿ ಎತ್ತಿ ಬಗ್ಗಿಸಿ, ಒಳಗಿಂದ ನೀರು ಸುರಿಯುತ್ತದೆ. ಕ್ಯಾಮೆರಾ ಆ ನೀರಿನ ಮೇಲೇ ಇರಲಿ, ಆರು ಸೆಕೆಂಡ್ ಸಾಕು. ಆ ಒಂದು ಲೋಟ ನೀರು ಕುಲುಮೆಗೆ ಹೋದರೆ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿ. ಇದು ನಮ್ಮದೇ ಯಾರ್ಡು ಅಂತ ಗುರುತು ಹಿಡಿದಾಗ ಹಾಲ್‌ನಲ್ಲಿ ಬರುವ ಮೌನ ನೀವೇ ನೋಡಿ.

ನಿಮ್ಮಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಮಾತಾಡುವವರಿರುತ್ತಾರೆ. ವಿಡಿಯೊಗೆ ದನಿ ಸೇರಿಸಬೇಡಿ. ಮೂರು ಭಾಷೆಯಲ್ಲಿ ನೀವೇ ನಿಂತು ಒಂದೊಂದು ಸಾಲು ಹೇಳಿದರೆ ಸಾಕು.

ಪ್ರಶ್ನೆ: ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲಿ ಹತ್ತಿ ಬೆಳೆಗಾರರ ಸಭೆ ಮಾಡುತ್ತೇವೆ. ಗುಲಾಬಿ ಕಾಯಿಕೊರಕದ ಬಗ್ಗೆ ಸ್ಲೈಡ್ ಮತ್ತು ವಿಡಿಯೊ ಇದೆ. ಹಗಲಲ್ಲಿ ಪ್ರೊಜೆಕ್ಟರ್ ಕಾಣುವುದಿಲ್ಲ, ಕರೆಂಟ್ ಹೋಗುತ್ತದೆ, ವಿಡಿಯೊ ನೋಡಿ ರೈತರು "ಇದು ನಮ್ಮ ಕಡೆ ಹೊಲ ಅಲ್ಲ ಬಿಡ್ರಿ" ಅಂತಾರೆ.

ಉತ್ತರ: ಆ ರೈತರ ಮಾತಿಗೆ ಬೆಲೆ ಕೊಡಿ. ಬೇರೆ ರಾಜ್ಯದ ಕೆಂಪು ಮಣ್ಣಿನ ಹೊಲ ತೋರಿಸಿ ರಾಯಚೂರಿನ ಎರೆ ಹೊಲದವರನ್ನು ನಂಬಿಸಲು ಆಗುವುದಿಲ್ಲ. ನಿಮ್ಮ ಫೋನಿನಲ್ಲೇ ಅದೇ ಊರಿನ ಹೊಲದಲ್ಲಿ ತೆಗೆಯಿರಿ. ಮೊದಲು ಪೂರ್ತಿ ಅರಳದೆ ಗುಲಾಬಿ ಮೊಗ್ಗಿನ ಹಾಗೆ ಸುತ್ತಿಕೊಂಡ ಒಂದು ಹತ್ತಿ ಹೂ ಹುಡುಕಿ. ಫೋನ್ ಅಡ್ಡ ಹಿಡಿಯಿರಿ, ಮೊಣಕೈ ಹೊಟ್ಟೆಗೆ ಒತ್ತಿಕೊಂಡರೆ ಅಲುಗುವುದಿಲ್ಲ. ಇನ್ನೊಬ್ಬರು ಹೂವಿನ ಎಸಳು ಒಂದೊಂದೇ ಬಿಡಿಸಲಿ, ಹುಳ ಎಸಳುಗಳನ್ನು ನೂಲಿನಿಂದ ಹೇಗೆ ಹೆಣೆದುಕೊಂಡಿದೆ ಅಂತ ಕಾಣಲಿ. ಹುಳ ಕಂಡ ಮೇಲೆ ಪಕ್ಕದಲ್ಲಿ ಉಗುರು ಇಟ್ಟು, ಹತ್ತು ಸೆಕೆಂಡ್ ಕ್ಯಾಮೆರಾ ಅಲ್ಲಾಡಿಸದೆ ಹಿಡಿಯಿರಿ. ಉಗುರು ಇಡುವುದು ಯಾಕೆಂದರೆ ದೊಡ್ಡ ಪರದೆ ಮೇಲೆ ಹುಳ ಹಾವಿನಷ್ಟು ಕಾಣುತ್ತದೆ, ಹೊಲದಲ್ಲಿ ಅಷ್ಟು ದೊಡ್ಡದನ್ನು ಹುಡುಕಿ ಸಿಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಎಸಳು ಬಿಡಿಸುವ ಕೈ ಆ ಊರಿನ ರೈತ ಮಹಿಳೆಯದ್ದಾದರೆ ಇನ್ನೂ ಒಳ್ಳೆಯದು, ಹತ್ತಿ ಬಿಡಿಸುವವರು ಅವರೇ ಅಲ್ವಾ.

ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯ ವಿಡಿಯೊದಲ್ಲಿ ಎಲ್ಲರೂ ಬಲೆ ಕಟ್ಟುವುದನ್ನು ತೋರಿಸುತ್ತಾರೆ. ಕಟ್ಟುವುದು ಕಷ್ಟವಲ್ಲ, ಬೆಳಗ್ಗೆ ಹೋಗಿ ಎಣಿಸುವುದು ಬಿಟ್ಟುಹೋಗುತ್ತದೆ. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಔಷಧದ ಯೋಚನೆ ಮಾಡಬೇಕು ಅಂತ ಹೇಳುತ್ತಾರೆ. ಹಾಗಾದರೆ ಪತಂಗಗಳನ್ನು ಕಾಗದದ ಮೇಲೆ ಸುರಿದು, ಜೋರಾಗಿ ಒಂದು ಎರಡು ಅಂತ ಎಣಿಸುವುದನ್ನೇ ತೆಗೆಯಿರಿ. ಎಂಟಕ್ಕೆ ಬಂದಾಗ ವಿಡಿಯೊ ನಿಲ್ಲಲಿ. ಸಭೆಯವರೂ ಜೊತೆಗೆ ಎಣಿಸುತ್ತಾರೆ.

ಹಗಲಿನಲ್ಲಿ ಪ್ರೊಜೆಕ್ಟರ್ ಬಿಟ್ಟುಬಿಡಿ. ಸಮುದಾಯ ಭವನದ ಒಳಗೆ ಟಿವಿ ಇದ್ದರೆ ಅದಕ್ಕೆ ಎಚ್‌ಡಿಎಂಐ ಕೇಬಲ್ ಹಾಕಿ, ಅದರಲ್ಲಿ ದನಿಯೂ ಹೋಗುತ್ತದೆ. ಟಿವಿ ಇಲ್ಲದಿದ್ದರೆ ಸಂಜೆ ಏಳರ ಮೇಲೆ ಸಭೆ ಇಟ್ಟುಕೊಳ್ಳಿ, ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಮೂರಕ್ಕೆ ಕರೆದರೆ ಬಂದವರಿಗೂ ನಿದ್ದೆ. ಲ್ಯಾಪ್‌ಟಾಪಿನ ದನಿಗೆ ಮೈಕ್ ಹಿಡಿಯಬೇಡಿ, ಕಿರ್ ಅನ್ನುತ್ತದೆ, ಸಣ್ಣ ವೈರು ಒಂದು ತಗೊಂಡು ಸೀದಾ ಆಂಪ್ಲಿಫೈಯರಿಗೆ ಕೊಡಿ. ಕರೆಂಟ್ ಹೋದಾಗ ಐದೈದು ಜನರ ಗುಂಪಿಗೆ ಫೋನಿನಲ್ಲೇ ಆ ವಿಡಿಯೊ ತೋರಿಸಿ. ನಿಜ ಹೇಳಬೇಕೆಂದರೆ ನಾನು ನೋಡಿದ ಅತ್ಯಂತ ಒಳ್ಳೆಯ ಸಭೆಗಳಲ್ಲಿ ಒಂದು ಹಾಗೆ ಬೇವಿನ ಮರದ ಕೆಳಗೆ ನಡೆದದ್ದು.

ರೈತರೇ ಕಳಿಸಿದ ವಿಡಿಯೊ ಉದ್ದಕ್ಕೆ ಹಿಡಿದು ತೆಗೆದದ್ದಾಗಿದ್ದರೆ ಎಳೆದು ಅಗಲ ಮಾಡಬೇಡಿ. ಅಗಲ ಸ್ಲೈಡಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಜಾಗ ಅದಕ್ಕೆ ಸಾಕು. ಉಳಿದ ಜಾಗದಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಒಂದೇ ಸಾಲು ಬರೆಯಿರಿ.

ಪ್ರಶ್ನೆ: ಕಿನ್ನಾಳ ಗೊಂಬೆಗಳ ಮಳಿಗೆ ಹಾಕುತ್ತೇವೆ. ಟಿವಿಯಲ್ಲಿ ಸ್ಲೈಡ್ ಮತ್ತು ವಿಡಿಯೊ ತಾನಾಗಿ ಓಡುತ್ತಿರಬೇಕು. ಹೇಗೆ?

ಉತ್ತರ: ಪವರ್‌ಪಾಯಿಂಟಿನ ಸೆಟ್ ಅಪ್ ಸ್ಲೈಡ್ ಶೋದಲ್ಲಿ ಕಿಯೋಸ್ಕ್ ಅಂತ ಆರಿಸಿದರೆ ಎಸ್ಕೇಪ್ ಒತ್ತುವ ತನಕ ಸುತ್ತುತ್ತಲೇ ಇರುತ್ತದೆ. ಪ್ರತಿ ಸ್ಲೈಡಿಗೆ ಎಷ್ಟು ಸೆಕೆಂಡ್ ಅಂತ ಕೊಡಿ, ವಿಡಿಯೊಗೆ ಸ್ಟಾರ್ಟ್ ಆಟೊಮ್ಯಾಟಿಕಲಿ ಕೊಡಿ. ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಪವರ್ ಸೆಟ್ಟಿಂಗ್ ಬದಲಾಯಿಸುವುದು ಮರೆಯಬೇಡಿ. ಒಟ್ಟು ಒಂದೂವರೆ ನಿಮಿಷ ಮೀರದಿರಲಿ, ಜಾತ್ರೆಯ ಗದ್ದಲದಲ್ಲಿ ಜನ ಅಷ್ಟೇ ನಿಲ್ಲುವುದು. ದನಿ ಬೇಡ, ದಿನವಿಡೀ ಅದೇ ಹಾಡು ಕೇಳಿ ಪಕ್ಕದ ಮಳಿಗೆಯವರಿಗೂ ಸಾಕಾಗುತ್ತದೆ.

ಗೊಂಬೆ ತಿರುಗುವ ವಿಡಿಯೊ ಬೇಡ, ಗೊಂಬೆ ಎದುರಿಗೇ ಇದೆಯಲ್ಲ. ಮಳಿಗೆಯಲ್ಲಿ ಕಾಣದ್ದನ್ನು ತೋರಿಸಿ. ಹಗುರ ಮರವನ್ನು ಕೆತ್ತುವುದು, ನೆನೆಸಿ ಒಣಗಿಸಿ ಪುಡಿ ಮಾಡಿದ ಚಿಂದಿಗೆ ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ಕಲಸುವುದು, ಆ ಕಿಟ್ಟದಿಂದ ತೋಳನ್ನು ಮೈಗೆ ಕೂಡಿಸಿ ಬೆರಳಿನಿಂದ ಸವರಿದಾಗ ಕೂಡಿಸಿದ ಗೆರೆಯೇ ಮಾಯವಾಗುವುದು. ಆ ಬೆರಳಿನ ಹತ್ತಿರ ಹೋಗಿ ತೆಗೆಯಿರಿ. ಚಿತ್ರಗಾರರ ಹೆಸರು ಅವರು ಒಪ್ಪಿದರೆ ಕೆಳಗೆ ಬರೆಯಿರಿ. ಭೌಗೋಳಿಕ ಗುರುತು (ಜಿಐ) ಸಿಕ್ಕಿದ ಗೊಂಬೆ ಅಂತ ಒಂದು ಸ್ಲೈಡ್ ಇರಲಿ, ನಕಲಿಯ ನಡುವೆ ಅದು ಬೇಕು.

ಪ್ರಶ್ನೆ: ಆನ್‌ಲೈನ್ ಮೀಟಿಂಗಿನಲ್ಲಿ ನಾನು ತೋರಿಸುವ ವಿಡಿಯೊ ಬೇರೆಯವರಿಗೆ ತಡವರಿಸಿ ಕಾಣುತ್ತದೆ, ದನಿಯೂ ಹೋಗುವುದಿಲ್ಲ. (ಬಳ್ಳಾರಿಯಿಂದ)

ಉತ್ತರ: ಝೂಮ್‌ನಲ್ಲಿ ಸ್ಕ್ರೀನ್ ಶೇರ್ ಮಾಡುವಾಗ ಶೇರ್ ಸೌಂಡ್ ಮತ್ತು ಆಪ್ಟಿಮೈಸ್ ಫಾರ್ ವಿಡಿಯೊ ಕ್ಲಿಪ್ ಎರಡಕ್ಕೂ ಟಿಕ್ ಹಾಕಿ. ಗೂಗಲ್ ಮೀಟ್‌ನಲ್ಲಿ ಆದರೆ ವಿಡಿಯೊವನ್ನು ಕ್ರೋಮ್‌ನ ಒಂದು ಟ್ಯಾಬಿನಲ್ಲಿ ತೆರೆದು, ಆ ಟ್ಯಾಬನ್ನು ಮಾತ್ರ ದನಿ ಸಮೇತ ಶೇರ್ ಮಾಡಿ. ಆದರೂ ಒಂದಿಬ್ಬರಿಗೆ ನೆಟ್ ಸಾಲದೆ ನಿಂತು ನಿಂತು ಬರುತ್ತದೆ. ಅದಕ್ಕೆ ಮೀಟಿಂಗಿಗೆ ಮೊದಲೇ ವಿಡಿಯೊದ ಲಿಂಕನ್ನು ಗುಂಪಿಗೆ ಕಳಿಸಿ, ಸಮಯ ಬಂದಾಗ "ಎಲ್ಲರೂ ಈಗ ನಿಮ್ಮ ಫೋನಿನಲ್ಲೇ ನೋಡಿ, ಒಂದು ನಿಮಿಷ ಕಾಯುತ್ತೇನೆ" ಅಂತ ಹೇಳಿ. ಆ ಒಂದು ನಿಮಿಷ ನಿಜವಾಗಿಯೂ ಕಾಯಿರಿ, ನಡುವೆ ಮಾತಾಡಬೇಡಿ.